ದಾರಿ ಗೊತ್ತಿತ್ತಾ ಮಿಸ್?

ಕಳೆದ ವರ್ಷ ಮಕ್ಕಳ ದಿನಾಚರಣೆಯಂದು ನಮ್ಮ ಶಾಲೆಯಲ್ಲಿ ಮಕ್ಕಳಿಗೊಂದು ಸಿನಿಮಾ ತೋರಿಸುವುದೆಂದು ತೀರ್ಮಾನವಾಯಿತು. ಹೊಡೆದಾಟದ್ದು ಬೇಡ, ಪ್ರೇಮದ್ದು ಬೇಡ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವಂಥದ್ದು ಬೇಕು ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ, ‘ಹಾಥಿ ಮೇರೆ ಸಾಥಿ’ ತೋರಿಸೋಣ ಎಂದವಳು ನಾನೇ. ಹಿಂದಿಯದಾದರೇನು, ಆನೆಯ ಕಥೆಗೆ ಭಾಷೆ ಬೇಕೇ ಎಂದು ಸಮರ್ಥಿಸಿಕೊಂಡೆ. ಯುವ ಸಹೋದ್ಯೋಗಿಯೊಬ್ಬರು ಪೆನ್ ಡ್ರೈವಿನಲ್ಲಿ ತಂದರು. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿ, ನೂರಕ್ಕೂ ಹೆಚ್ಚು ಮಕ್ಕಳನ್ನು ನೆಲದ ಮೇಲೆ ಕೂರಿಸಿ ತೋರಿಸಿದೆವು. ಆನೆ ಸಾಯುವ ಹೊತ್ತಿಗೆ ಅರ್ಧ ಕೊಠಡಿ ಬಿಕ್ಕುತ್ತಿತ್ತು. ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ.

ಎಲ್ಲ ಮುಗಿದು ಜಮಖಾನ ಮಡಿಸುತ್ತಿದ್ದಾಗ ಐದನೇ ತರಗತಿಯ ಹುಡುಗಿಯೊಬ್ಬಳು ಹತ್ತಿರ ಬಂದು ನಿಂತಳು.

“ಮಿಸ್, ಆ ಆನೆ ನಿಜವಾಗ್ಲೂ ಸತ್ತೋಯ್ತಾ?”

“ಇಲ್ಲ ಕಣೆ, ಅದು ನಟನೆ.”

“ಹಂಗಾದ್ರೆ ಪಿಚ್ಚರ್ ಮುಗಿದ್ಮೇಲೆ ಎಲ್ಲಿಗೋಯ್ತು?”

“ಕಾಡಿಗೆ ಹೋಯ್ತು.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಅದಕ್ಕೆ ದಾರಿ ಗೊತ್ತಿತ್ತಾ ಮಿಸ್?”

ನನ್ನ ಬಳಿ ಉತ್ತರವಿರಲಿಲ್ಲ. ಬೇಗ ಮನೆಗೆ ಹೋಗು, ಕತ್ತಲಾಗುತ್ತದೆ ಎಂದು ಗದರಿ ಕಳಿಸಿದೆ. ಮೂವತ್ತು ವರ್ಷ ಪಾಠ ಹೇಳಿದವಳು ಒಂದು ಮಗುವಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಿದೆನಲ್ಲ ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮುಂದಿನ ಶನಿವಾರ ಆ ತರಗತಿಗೆ ಹೋಗಿ, ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡೆ. ಸಿನಿಮಾದ ಆನೆಗಳು ಕಾಡಿಗೆ ಹೋಗುವುದಿಲ್ಲ, ಅವುಗಳನ್ನು ಹಿಡಿದು ತರುತ್ತಾರೆ, ಕಟ್ಟಿ ಕಲಿಸುತ್ತಾರೆ, ಸಿನಿಮಾ ಮುಗಿದ ಮೇಲೂ ಕಟ್ಟಿಯೇ ಇಡುತ್ತಾರೆ ಎಂದು ಮಕ್ಕಳಿಗೆ ತಿಳಿಯುವಷ್ಟು ಹೇಳಿದೆ.

ಸೋಮವಾರ ಬೆಳಿಗ್ಗೆ ಒಬ್ಬ ತಾಯಿ ಗೇಟಿನಲ್ಲೇ ನನ್ನನ್ನು ತಡೆದರು. “ಏನ್ ಮಿಸ್, ಮಕ್ಕಳಿಗೆ ಪಿಚ್ಚರ್ ತೋರಿಸಿ ಆಮೇಲೆ ಇಂಥದ್ದೆಲ್ಲ ಹೇಳ್ತಾರಾ? ನನ್ ಮಗ ರಾತ್ರಿ ಊಟಾನೇ ಮಾಡ್ಲಿಲ್ಲ. ಅಷ್ಟು ಪ್ರೀತಿಯಿಂದ ಸಾಕಿರ್ತಾರೆ, ಅದ್ರಲ್ಲಿ ತಪ್ಪೇನು?” ಬೆಲ್ ಹೊಡೆಯಿತು. ಅವರು ಕೆಲಸಕ್ಕೆ ಹೋದರು, ನಾನು ಪ್ರಾರ್ಥನೆಗೆ ಹೋದೆ. ಗೇಟಿನಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಅವರೊಬ್ಬರಿಗೆ ಮಾತ್ರವಲ್ಲ, ಮಕ್ಕಳ ಕೈಗೆ ಟಿ.ವಿ. ರಿಮೋಟು ಕೊಟ್ಟು ‘ಪ್ರಾಣಿ ಸಿನಿಮಾ ತಾನೇ, ನೋಡಲಿ’ ಎಂದು ಒಳಗೆ ಅಡಿಗೆಗೆ ಹೋಗುವ ನಮಗೆಲ್ಲರಿಗೂ ಸೇರಿದ್ದು.

‘ಹಾಥಿ ಮೇರೆ ಸಾಥಿ’ 1971ರ ಚಿತ್ರ. ತಯಾರಿಸಿದವರು ತಮಿಳುನಾಡಿನ ಸ್ಯಾಂಡೋ ಚಿನ್ನಪ್ಪ ದೇವರ್, ನಾಯಕ ರಾಜೇಶ್ ಖನ್ನಾ, ನಾಯಕಿ ತನುಜಾ. ಮರುವರ್ಷ ಇದೇ ಕಥೆ ಎಂ.ಜಿ.ಆರ್. ಅವರ ‘ನಲ್ಲ ನೇರಂ’ ಎಂದು ತಮಿಳಿನಲ್ಲಿ ಬಂತು. ಚಿಕ್ಕವಳಿದ್ದಾಗ ಟೆಂಟ್ ಸಿನಿಮಾದಲ್ಲಿ ಅಮ್ಮನ ತೊಡೆಗೆ ಒರಗಿ ನಾನಿದನ್ನು ನೋಡಿದ್ದೆ. ಹಿಂದಿಯ ಒಂದಕ್ಷರ ತಿಳಿಯದ ಅಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಿದ್ದಳು. ಮನೆಗೆ ಬರುವ ದಾರಿಯಲ್ಲಿ, “ಆನೆಗಿರೋ ಬುದ್ಧಿ ಆ ಹೆಂಗಸಿಗೆ ಇಲ್ವಲ್ಲ” ಎಂದಿದ್ದಳು. ಐವತ್ತು ದಾಟಿದ ಮೇಲೆ ಶಾಲೆಯ ಗೋಡೆಯ ಮೇಲೆ ಅದನ್ನೇ ಮತ್ತೆ ನೋಡಿದಾಗ ಅಮ್ಮನ ಆ ಮಾತು ನೆನಪಾಗಿ ಒಳಗೆ ಚುಚ್ಚಿತು.

ಏಕೆಂದರೆ ಆ ಹೆಂಗಸು ಮಾಡಿದ ತಪ್ಪಾದರೂ ಏನು? ನಾಯಕ ಅನಾಥ, ಆನೆಗಳೇ ಅವನ ಬಂಧುಗಳು. ಆನೆಗಳಿಂದ ಆಟವಾಡಿಸಿ ದುಡಿದು, ‘ಪ್ಯಾರ್ ಕಿ ದುನಿಯಾ’ ಎಂಬ ಸ್ವಂತ ಮೃಗಾಲಯ ಕಟ್ಟುತ್ತಾನೆ. ಹೆಸರು ಪ್ರೀತಿಯ ಲೋಕ, ಅದರೊಳಗೆ ಹುಲಿ, ಸಿಂಹ, ಕರಡಿ, ಆನೆ. ಮದುವೆಯಾಗುತ್ತದೆ, ಮಗು ಹುಟ್ಟುತ್ತದೆ. ಎಳೆಗೂಸಿನ ಹತ್ತಿರ ಆನೆ ಸುಳಿದಾಡುವುದನ್ನು ಕಂಡು ತಾಯಿಗೆ ಭಯವಾಗುತ್ತದೆ. ಮಗುವೋ ಆನೆಗಳೋ ಎಂದು ಕೇಳುತ್ತಾಳೆ. ಗಂಡ ಆನೆಗಳನ್ನೇ ಆರಿಸಿಕೊಳ್ಳುತ್ತಾನೆ. ಅಲ್ಲಿಂದಾಚೆಗೆ ಇಡೀ ಸಿನಿಮಾ ಆ ತಾಯಿಗೆ ಬುದ್ಧಿ ಕಲಿಸಲು ಹೊರಡುತ್ತದೆ. ಕಡೆಗೆ ರಾಮು ಎಂಬ ಆನೆ ಖಳನ ಗುಂಡಿಗೆ ಎದೆಯೊಡ್ಡಿ ಸತ್ತ ಮೇಲೇ ಅವಳಿಗೆ ಕ್ಷಮೆ ಸಿಗುವುದು. ಬಾಣಂತಿಯೊಬ್ಬಳು ತನ್ನ ಕೂಸನ್ನು ಟನ್ನುಗಟ್ಟಲೆ ತೂಕದ ಕಾಡುಪ್ರಾಣಿಯ ಕಾಲಿನಿಂದ ದೂರವಿಡಲು ಬಯಸಿದರೆ ಅದು ಕಲ್ಲುಮನಸ್ಸು! ನಮ್ಮ ಅಮ್ಮಂದಿರು ಅವಳನ್ನು ಬೈದರು, ನಾವು ನಮ್ಮ ಮಕ್ಕಳಿಗೂ ಅದನ್ನೇ ತೋರಿಸುತ್ತಿದ್ದೇವೆ. ಮನೆಮಂದಿಯೆಲ್ಲ ನೋಡಬಹುದಾದ ಈ ಚಿತ್ರದಲ್ಲಿ, ಮನೆಯಲ್ಲಿ ನಿಜ ಹೇಳಿದ ಒಬ್ಬಳೇ ತಪ್ಪಿತಸ್ಥೆ.

ಇಂಥ ಸಿನಿಮಾಗಳು ಆನೆಗೂ ಹೀಗೇ ಮಾಡುತ್ತವೆ. ಒಳ್ಳೆಯ ಆನೆ ಯಾವುದು? ಸೊಂಡಿಲೆತ್ತಿ ನಮಸ್ಕರಿಸುವುದು, ಯಜಮಾನನಿಗಾಗಿ ದುಡಿಯುವುದು, ಹೊಡೆದರೂ ಸಹಿಸುವುದು, ಕೊನೆಗೆ ಅವನಿಗಾಗಿ ಪ್ರಾಣ ಬಿಡುವುದು. ಈ ಪಟ್ಟಿಯನ್ನು ನಾವು ಬೇರೆಲ್ಲೋ ಕೇಳಿದ್ದೇವೆ ಅಲ್ಲವೇ? ಹಳೆಯ ಕಾಲದಲ್ಲಿ ಹೆಣ್ಣು ಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ಹೇಳುತ್ತಿದ್ದ ಬುದ್ಧಿಮಾತು ಹೆಚ್ಚು ಕಡಿಮೆ ಇದೇ. ಹೇಳಿದ ಮಾತು ಕೇಳಿದರೆ ಅದು ಪ್ರೀತಿ, ಕೇಳದಿದ್ದರೆ ಪುಂಡಾಟ. ಸಿನಿಮಾ ಮಕ್ಕಳಿಗೆ ಕಲಿಸುವುದು ಪ್ರಾಣಿಪ್ರೀತಿಯನ್ನು ಎಂದು ನಾವು ತಿಳಿದಿದ್ದೇವೆ. ಅದು ಕಲಿಸುವುದು ಒಡೆತನವನ್ನು. ಇದು ನನ್ನ ಮುಖ್ಯ ತಕರಾರು.

ಆನೆಗೆ ನಮಸ್ಕಾರ ಮಾಡಲು ಬರುವುದಾದರೂ ಹೇಗೆ? ಅದನ್ನು ತಿಳಿಯಲು ಮುಂಬಯಿ, ಮದರಾಸಿಗೆ ಹೋಗಬೇಕಿಲ್ಲ. ಲೋಕವೇ ಕೊಂಡಾಡಿದ ಮೊದಮೊದಲ ಆನೆ ಸಿನಿಮಾಗಳಲ್ಲಿ ಒಂದು ತಯಾರಾದದ್ದು ನಮ್ಮ ಮೈಸೂರು ಸೀಮೆಯ ಕಾಡಿನಲ್ಲೇ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಹೆಸರಾಂತ ಅಮೆರಿಕನ್ ನಿರ್ದೇಶಕ, ಕಿಪ್ಲಿಂಗನ ‘ಜಂಗಲ್ ಬುಕ್’ನ ಒಂದು ಕಥೆಯನ್ನು ಚಿತ್ರ ಮಾಡಲು ಮೈಸೂರಿಗೆ ಬಂದ. ಮಹಾರಾಜರು ಆನೆಗಳನ್ನೂ ಕಾಡನ್ನೂ ಒದಗಿಸಿದರು. ಆನೆಯ ಗೆಳೆಯನಾಗಿ ನಟಿಸಲು ಒಬ್ಬ ಹುಡುಗ ಬೇಕಿತ್ತು. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ ಹುಟ್ಟಿದ, ಅರಮನೆಯ ಮಾವುತನ ಮಗ, ಅಪ್ಪ ತೀರಿಕೊಂಡು ಆನೆ ಲಾಯದ ಆಸರೆಯಲ್ಲಿ ಬೆಳೆಯುತ್ತಿದ್ದ ಹನ್ನೊಂದು ವರ್ಷದ ಸಾಬು ಸಿಕ್ಕಿದ. ಆನೆಯ ಹೆಸರು ಐರಾವತ. ‘ಎಲಿಫೆಂಟ್ ಬಾಯ್’ ಎಂಬ ಆ ಚಿತ್ರ 1937ರಲ್ಲಿ ತೆರೆ ಕಂಡಿತು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ನಿರ್ದೇಶನದ ಪ್ರಶಸ್ತಿ ಬಂತು. ಪುಟ್ಟ ಹುಡುಗ, ಬೆಟ್ಟದಂಥ ಆನೆ, ಇಬ್ಬರ ಸ್ನೇಹ. ಮೆಚ್ಚದವರೇ ಇಲ್ಲ.

ಆ ಚಿತ್ರದಲ್ಲಿ ಖೆಡ್ಡಾ ಇದೆ. ಅದು ನಟನೆಯ ಖೆಡ್ಡಾ ಅಲ್ಲ, ನಿಜವಾದದ್ದು. ಮೈಸೂರಿನಲ್ಲಿ ಈ ವಿಧಾನವನ್ನು ಶುರು ಮಾಡಿದವನು ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ, 1870ರ ದಶಕದಲ್ಲಿ. ಆಮೇಲೆ ಸುಮಾರು ನೂರು ವರ್ಷ, 1971ರವರೆಗೆ, ಕಾಕನಕೋಟೆಯ ಸುತ್ತಮುತ್ತ ಖೆಡ್ಡಾಗಳು ನಡೆದವು. ತಮಟೆ, ಬೆಂಕಿ, ಕೂಗುಗಳಿಂದ ಆನೆಗಳ ಹಿಂಡನ್ನು ದಿನಗಟ್ಟಲೆ ಬೆದರಿಸಿ, ಕಬಿನಿ ಹೊಳೆಗೆ ಇಳಿಸಿ, ಆಚೆ ದಡದ ದಿಮ್ಮಿಯ ಬೇಲಿಯೊಳಕ್ಕೆ ನೂಕಿ ಬಾಗಿಲು ಹಾಕುವುದು. ಮಹಾರಾಜರ ಅತಿಥಿಗಳಾದ ದೊಡ್ಡ ದೊಡ್ಡವರು ಅಟ್ಟಣೆಯ ಮೇಲೆ ಕೂತು ನೋಡುತ್ತಿದ್ದರು. ಬೇಲಿಯೊಳಗೆ ತಾಯಿ ಒಂದು ಕಡೆ, ಮರಿ ಒಂದು ಕಡೆ. ಪಳಗಿದ ಆನೆಗಳನ್ನು ಒಳಗೆ ಬಿಟ್ಟು, ಹೊಸದಾಗಿ ಸಿಕ್ಕವುಗಳ ಕಾಲಿಗೆ ಹಗ್ಗ ಬಿಗಿಸುತ್ತಿದ್ದರು. ಆನೆಯನ್ನು ಹಿಡಿಯಲು ಆನೆಯೇ ಬೇಕು.

ಅಲ್ಲಿಂದ ಮುಂದೆ ಪಳಗಿಸುವುದು. ದಪ್ಪ ದಿಮ್ಮಿಗಳ ‘ಕ್ರಾಲ್’ ಎಂಬ ಗೂಡು, ತಿರುಗಲೂ ಕಷ್ಟವಾಗುವಷ್ಟು ಇಕ್ಕಟ್ಟು. ವಾರಗಟ್ಟಲೆ, ಕೆಲವಕ್ಕೆ ತಿಂಗಳುಗಟ್ಟಲೆ ಅದರೊಳಗೆ. ಮಾವುತ, ಕಾವಾಡಿ ಹಗಲಿರುಳು ಹತ್ತಿರವೇ ಇದ್ದು ಮಾತಾಡಿಸುತ್ತಾರೆ, ಕಬ್ಬು ಬೆಲ್ಲ ತಿನ್ನಿಸುತ್ತಾರೆ. ಮಾತು ಕೇಳಿದರೆ ಬೆಲ್ಲ, ಕೇಳದಿದ್ದರೆ ಕೋಲು, ಅಂಕುಶ. ದಿನಕ್ಕೆ ಹತ್ತಾರು ಮೈಲಿ ನಡೆಯುವ ಪ್ರಾಣಿ, ಅಜ್ಜಿ, ತಾಯಿ, ಚಿಕ್ಕಮ್ಮಂದಿರ ಜೊತೆ ಹಿಂಡಿನಲ್ಲಿ ಬೆಳೆಯುವ ಪ್ರಾಣಿ, ಒಂದು ದಿನ ಸೋತು ಕಾಲು ಮಡಿಸುತ್ತದೆ. ಅದು ಪಾಠ ಮುಗಿದ ದಿನ. ಆಮೇಲೆ ಅದು ಸೊಂಡಿಲೆತ್ತುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಸಿನಿಮಾ ಶುರುವಾಗುವುದು ಇಲ್ಲಿಂದ. ಇದರ ಹಿಂದಿನ ರೀಲುಗಳನ್ನು ಯಾರೂ ತೋರಿಸುವುದಿಲ್ಲ.

ಸಾಬುವನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕರೆದೊಯ್ದರು, ಅಲ್ಲಿಂದ ಹಾಲಿವುಡ್ಡಿಗೆ ಹೋದ. 1942ರ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯಾದ. ಅಮೆರಿಕದ ಪ್ರಜೆಯಾಗಿ ಯುದ್ಧದಲ್ಲಿ ವಿಮಾನದ ಗನ್ನರ್ ಆಗಿದ್ದ. ಸಿನಿಮಾದವರು ಮಾತ್ರ ಅವನಿಗೆ ಮತ್ತೆ ಮತ್ತೆ ಅದೇ ಪೇಟ, ಅದೇ ಕಾಡುಹುಡುಗನ ವೇಷ ಹಾಕಿಸಿದರು. 1963ರ ಡಿಸೆಂಬರಿನಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ. ಸಿನಿಮಾದಲ್ಲಿ ಅಗಲಲಾರದ ಗೆಳೆಯರು ಅವನೂ ಆನೆಯೂ. ಶೂಟಿಂಗ್ ಮುಗಿದ ಮೇಲೆ ಹುಡುಗನ ದಾರಿ ಕಡಲಾಚೆಗೆ, ಆನೆಯ ದಾರಿ ಲಾಯಕ್ಕೆ.

‘ಅಷ್ಟು ಪ್ರೀತಿಯಿಂದ ಸಾಕಿರ್ತಾರೆ’ ಎಂದಿರಲ್ಲ, ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಾವುತರ ಪ್ರೀತಿ ಸುಳ್ಳಲ್ಲ. ತನ್ನ ಮಕ್ಕಳಿಗಿಂತ ಹೆಚ್ಚು ಹೊತ್ತು ಆನೆಯ ಜೊತೆ ಕಳೆಯುವ ಕುರುಬರ ಕುಟುಂಬಗಳಿವೆ. 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಚಿತ್ರದಲ್ಲಿ, ನೀಲಗಿರಿಯ ತೆಪ್ಪಕಾಡಿನ ಬೊಮ್ಮನ್ ಮತ್ತು ಬೆಳ್ಳಿ ತಬ್ಬಲಿ ಆನೆಮರಿಯನ್ನು ಸಾಕುವುದನ್ನು ನೋಡಿದರೆ ಕಣ್ಣು ತುಂಬುತ್ತದೆ. ತಾಯಿ ಸತ್ತ ಮರಿಯನ್ನು ಉಳಿಸಿಕೊಳ್ಳುವುದು ಬೇರೆ, ತಾಯಿಯಿಂದ ಮರಿಯನ್ನು ಕಿತ್ತು ತರುವುದು ಬೇರೆ. ಪ್ರೀತಿ ಇದೆ ಎಂಬ ಕಾರಣಕ್ಕೆ ಸರಪಳಿ ಇಲ್ಲ ಎಂದಾಗುವುದಿಲ್ಲ.

ನಮ್ಮ ಅರ್ಜುನನನ್ನೇ ನೆನೆಸಿಕೊಳ್ಳಿ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿದ ಮರಿ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. ಅರುವತ್ತಾಯಿತು, ಇನ್ನು ಅಂಬಾರಿ ಹೊರಿಸುವುದು ಸರಿಯಲ್ಲ ಎಂದು ಆ ಕೆಲಸದಿಂದ ಬಿಡುಗಡೆ ಮಾಡಿದರು. ಆದರೆ ಕಾಡಾನೆ ಹಿಡಿಯುವ ಕೆಲಸಕ್ಕೆ ಕರೆದೊಯ್ಯುವುದನ್ನು ಬಿಡಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ ಒಂಟಿ ಸಲಗದೊಡನೆ ಸೆಣಸಿ ಅರ್ಜುನ ಸತ್ತ. ನಾಡೆಲ್ಲ ಅತ್ತಿತು. ಅವನ ಮಾವುತನ ಗೋಳನ್ನು ಟಿ.ವಿ.ಯಲ್ಲಿ ನೋಡಲಾಗಲಿಲ್ಲ. ಆ ಕಣ್ಣೀರು ಅಪ್ಪಟ. ಆದರೂ ಕೇಳಬೇಕಾಗುತ್ತದೆ: ಅರುವತ್ತಕ್ಕೆ ನಮಗೆಲ್ಲ ನಿವೃತ್ತಿ, ಪಿಂಚಣಿ. ಅವನಿಗೇಕೆ ಇರಲಿಲ್ಲ? ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ಗಾದೆ ಕಟ್ಟಿದವರು ಆನೆಯ ಲೆಕ್ಕ ಬರೆದದ್ದು ತಮ್ಮ ಲಾಭದ ಪುಸ್ತಕದಲ್ಲಿ.

ನಾವು ಬದಲಾಗಲಾರೆವು ಎಂದೇನೂ ಇಲ್ಲ. ನಾವು ಚಿಕ್ಕವರಿದ್ದಾಗ ಬೀದಿಗೆ ಕರಡಿ ಕುಣಿಸುವವರು ಬರುತ್ತಿದ್ದರು. ಅದರ ಮೂಗನ್ನು ಕಾದ ಕಬ್ಬಿಣದಿಂದ ಚುಚ್ಚಿ ಹಗ್ಗ ಪೋಣಿಸಿರುತ್ತಾರೆ, ಹಲ್ಲು ಕಿತ್ತಿರುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಹೆದರುಪುಕ್ಕಲು ಮಕ್ಕಳಿಗೆ ಧೈರ್ಯ ಬರಲೆಂದು ಅಮ್ಮಂದಿರು ಕರಡಿಯ ಕೂದಲು ಕೊಂಡು ತಾಯಿತ ಕಟ್ಟುತ್ತಿದ್ದರು. ನನ್ನ ಕೊರಳಲ್ಲೂ ಇತ್ತು. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಬಾರದೆಂದು ಆದೇಶ ಹೊರಡಿಸಿತು. ಸರ್ಕಸ್ಸಿನವರು ನ್ಯಾಯಾಲಯಕ್ಕೆ ಹೋದರು, 2001ರಲ್ಲಿ ಸುಪ್ರೀಂ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಸರ್ಕಸ್ಸಿನ ಹುಲಿ ಸಿಂಹಗಳು ಬನ್ನೇರುಘಟ್ಟಕ್ಕೂ ಬಂದವು. ಜೀವಮಾನವೆಲ್ಲ ಪಂಜರದಲ್ಲೇ ಇದ್ದ ಅವನ್ನು ಕಾಡಿಗೆ ಬಿಡುವಂತಿರಲಿಲ್ಲ, ಬೇಟೆಯೇ ಗೊತ್ತಿರಲಿಲ್ಲ. 2009ರ ಡಿಸೆಂಬರಿನಲ್ಲಿ ದೇಶದ ಕಡೆಯ ಕುಣಿಯುವ ಕರಡಿ ಎನ್ನಲಾದ ರಾಜು ಕೂಡ ಬನ್ನೇರುಘಟ್ಟದ ಕರಡಿಧಾಮ ಸೇರಿತು.

ಕರಡಿಯನ್ನೇ ನಂಬಿ ಬದುಕಿದ್ದ ಖಲಂದರ್ ಕುಟುಂಬಗಳ ಗತಿ ಏನು ಎಂದು ನೀವು ಕೇಳಬಹುದು, ಕೇಳಬೇಕು ಕೂಡ. ಬಡವನ ಅನ್ನ ಕಿತ್ತುಕೊಂಡು ಪ್ರಾಣಿದಯೆ ತೋರಿಸುವುದು ಸುಲಭ. ಕರಡಿಗಳನ್ನು ಬಿಡಿಸಿದ ಸಂಸ್ಥೆಯವರು ಆ ಕುಟುಂಬಗಳಿಗೆ ಬೇರೆ ಕಸುಬಿಗೆ ಹಣ ಕೊಟ್ಟರು, ಮಕ್ಕಳನ್ನು ಶಾಲೆಗೆ ಸೇರಿಸಿದರು. ಹಾಗಾಗಿಯೇ ಆ ಕೆಲಸ ನಿಂತಿತು. ಆದರೆ 1998ರ ಆ ಪಟ್ಟಿಯಲ್ಲಿ ಆನೆ ಇರಲಿಲ್ಲ ಎಂಬುದನ್ನು ಗಮನಿಸಿ. ಹುಲಿಯ ಸಂಕಟ ನಮಗೆ ಕಂಡಿತು, ಆನೆಯದು ಕಾಣಲಿಲ್ಲ. ಗಣಪತಿ ಎಂದು ಕೈಮುಗಿಯುತ್ತೇವೆ, ಕಾಲಿನ ಸರಪಳಿಯನ್ನು ಗೆಜ್ಜೆ ಎಂದುಕೊಳ್ಳುತ್ತೇವೆ.

ಇದೆಲ್ಲ ಹಳೆಯ ಮಾತು ಎನ್ನುವವರಿಗೆ ನಮ್ಮ ಜಿಲ್ಲೆಯದೇ ಹೊಸ ಮಾತು ಹೇಳುತ್ತೇನೆ. 2025ರ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು, ಸುರೇಶ, ಗೌರಿ, ಶ್ರುತಿ, ತುಳಸಿ, ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಜಪಾನಿಗೆ ಹಾರಿದವು. ಹಿಮೇಜಿಯ ಮೃಗಾಲಯಕ್ಕೆ. ಬದಲಿಗೆ ಅಲ್ಲಿಂದ ಚೀತಾ, ಜಾಗ್ವಾರ್, ಪ್ಯೂಮಾ, ಚಿಂಪಾಂಜಿಗಳು ಬರುವ ಒಪ್ಪಂದ. ನಾಲ್ಕೂ ಇನ್ನೂ ಎಳೆಯವು, ಹತ್ತು ವರ್ಷ ತುಂಬಿದ್ದು ಒಂದೂ ಇಲ್ಲ. ಪೆಟ್ಟಿಗೆಯೊಳಗೆ ಹೆದರದೆ ನಿಲ್ಲುವುದನ್ನು ಅವಕ್ಕೆ ತಿಂಗಳುಗಟ್ಟಲೆ ಕಲಿಸಿದ್ದರು. ನಮ್ಮ ಬೀದಿಯಲ್ಲಿ ಇದೊಂದು ತಮಾಷೆಯ ಮಾತಾಯಿತು. ನಮಗಿಲ್ಲದ ಫಾರಿನ್ ಯೋಗ ಆನೆಗೆ ಬಂತಲ್ಲ ಎಂದು ನಕ್ಕರು. ನಾನೂ ನಕ್ಕಿದ್ದೆ. ಹೆಣ್ಣಾನೆ ತನ್ನ ಹಿಂಡನ್ನು ಸಾಯುವವರೆಗೆ ಬಿಡದ ಜೀವಿ ಎಂದು ಪಾಠದಲ್ಲಿ ಓದಿಸುವವಳು ನಾನು. ತವರು, ನೀರು, ಮಣ್ಣು ಎಲ್ಲ ಬಿಟ್ಟು ಭಾಷೆ ತಿಳಿಯದ ಊರಿಗೆ ಹೊರಟ ಮರಿಗಳನ್ನು ನೋಡಿ ನಗು ಬಂದದ್ದು ಹೇಗೆ? ಸಿನಿಮಾದ ಆನೆ ನಮ್ಮನ್ನು ಹಾಗೆ ತಯಾರು ಮಾಡಿತ್ತು. ಆನೆ ಎಲ್ಲಿ ನಿಲ್ಲಿಸಿದರೂ ಖುಷಿಯಾಗಿರುತ್ತದೆ ಎಂಬುದು ಬಾಲ್ಯದಿಂದ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಇನ್ನೊಂದು ಆಕ್ಷೇಪವೂ ಇದೆ, ಅದು ಹೆಚ್ಚು ಗಟ್ಟಿ. ಕಾಡುಪ್ರಾಣಿಗಳ ಪಕ್ಕದಲ್ಲಿ ಬದುಕುವವರಿಗೆ ಈ ಕರುಣೆಯ ಮಾತು ರುಚಿಸುವುದಿಲ್ಲ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಕಡೆ ಚಿರತೆಯ ಭಯ ಕಥೆಯಲ್ಲ. 2024ರ ನವೆಂಬರಿನಲ್ಲಿ ಆ ತಾಲ್ಲೂಕಿನಲ್ಲಿ ಹುಲ್ಲು ತರಲು ಹೋದ ನನ್ನ ವಯಸ್ಸಿನ ಹೆಂಗಸೊಬ್ಬರು ಚಿರತೆಗೆ ಬಲಿಯಾದರು. ಬೋನಿಟ್ಟು ಚಿರತೆ ಹಿಡಿಯಿರಿ ಎಂದು ಅಲ್ಲಿಯ ಜನ ಕೇಳಿದರೆ ಅದನ್ನು ತಪ್ಪೆನ್ನುವ ಹಕ್ಕು ಪೇಟೆಯಲ್ಲಿ ಕೂತ ನನಗಿಲ್ಲ. ನನ್ನ ಜಗಳ ಆ ಬೋನಿನ ಮೇಲಲ್ಲ. ಹುಲ್ಲಿನ ಹೊರೆ ಹೊರುವ ಹೆಂಗಸಿಗೆ ಕಾಡುಪ್ರಾಣಿ ಎಂದರೆ ಕಾಡುಪ್ರಾಣಿ ಎಂದು ಗೊತ್ತು. ಗೊತ್ತಿಲ್ಲದಿರುವುದು ನಮಗೆ. ಸಿನಿಮಾ ಎರಡೇ ಬಗೆಯ ಪ್ರಾಣಿ ತೋರಿಸುತ್ತದೆ: ಒಂದು ತಬ್ಬಿಕೊಳ್ಳುವ ಗೆಳೆಯ, ಇನ್ನೊಂದು ಕೊಲ್ಲಬೇಕಾದ ರಾಕ್ಷಸ. ದೂರದಲ್ಲಿ ತನ್ನ ಪಾಡಿಗೆ ತಾನಿರುವ, ನಾವು ಹತ್ತಿರ ಹೋಗಬಾರದ ಜೀವಿ ಅದರಲ್ಲಿಲ್ಲ. ಇಂಥ ಸಿನಿಮಾ ನೋಡಿ ಬೆಳೆದವರೇ ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಆನೆಗೆ ಬಿಸ್ಕತ್ತು ನೀಡಲು ಹೋಗಿ, ಅದು ಅಟ್ಟಿಸಿಕೊಂಡು ಬಂದಾಗ ಕಿರುಚುವುದು. ತನುಜಾಳ ಭಯವನ್ನು ಗೇಲಿ ಮಾಡದೆ ಗೌರವಿಸಿದ್ದರೆ, ಮಕ್ಕಳಿಗೆ ಕಾಡಿನ ಮೊದಲ ಪಾಠ ಅಲ್ಲೇ ಸಿಗುತ್ತಿತ್ತು.

ಮಗುವಿನ ಊಟ ತಪ್ಪಿಸಿದೆನೆಂದು ಬೇಸರಪಟ್ಟ ಆ ತಾಯಿಗೆ ಎರಡು ಸಂಗತಿ ಹೇಳಬೇಕು. 1960ರ ದಶಕದ ಕೊನೆಯಲ್ಲಿ ಕೀನ್ಯಾದಲ್ಲಿ ಮಕ್ಕಳಿಗಾಗಿ ಒಂದು ಆನೆ ಸಿನಿಮಾ ತಯಾರಾಯಿತು. ಪೋಲೆ ಪೋಲೆ ಎಂಬ ಪುಟ್ಟ ಆನೆಮರಿ ಅದರ ತಾರೆ. ಶೂಟಿಂಗ್ ಮುಗಿದ ಮೇಲೆ ಅದನ್ನು ಲಂಡನ್ ಮೃಗಾಲಯಕ್ಕೆ ಉಡುಗೊರೆಯಾಗಿ ಕಳಿಸಿದರು. ಜೊತೆಗೆ ನಟಿಸಿದ್ದ ವರ್ಜೀನಿಯಾ ಮೆಕೆನ್ನಾ ಮತ್ತು ಬಿಲ್ ಟ್ರಾವರ್ಸ್ ದಂಪತಿ ವರ್ಷಗಳ ನಂತರ ನೋಡಲು ಹೋಗಿ ಹೆಸರು ಹಿಡಿದು ಕೂಗಿದಾಗ ಅದು ಹತ್ತಿರ ಬಂದು ಸೊಂಡಿಲು ಚಾಚಿತಂತೆ. 1983ರಲ್ಲಿ, ಇನ್ನೂ ಹರೆಯದಲ್ಲೇ, ಅದು ಸತ್ತಿತು. ಆ ದುಃಖದಲ್ಲಿ ದಂಪತಿ ಮೃಗಾಲಯಗಳನ್ನು ಪ್ರಶ್ನಿಸುವ ಸಂಸ್ಥೆಯನ್ನೇ ಕಟ್ಟಿದರು. ಇನ್ನೊಂದು, 1993ರ ‘ಫ್ರೀ ವಿಲ್ಲಿ’. ಹುಡುಗನೊಬ್ಬ ತೊಟ್ಟಿಯಲ್ಲಿದ್ದ ತಿಮಿಂಗಿಲವನ್ನು ಕಡಲಿಗೆ ಬಿಡಿಸುವ ಕಥೆ. ಅದರಲ್ಲಿ ನಟಿಸಿದ ಕೈಕೋ ಎಂಬ ತಿಮಿಂಗಿಲ ಮಾತ್ರ ಮೆಕ್ಸಿಕೋದ ಇಕ್ಕಟ್ಟಾದ ತೊಟ್ಟಿಯಲ್ಲೇ ಚರ್ಮದ ಬೇನೆಯಿಂದ ನರಳುತ್ತಿತ್ತು. ಇದು ಸುದ್ದಿಯಾದಾಗ ಸಾವಿರಾರು ಮಕ್ಕಳು ಪತ್ರ ಬರೆದರು, ಕೈಖರ್ಚಿನ ಕಾಸು ಕಳಿಸಿದರು. ಅದು 1996ರಲ್ಲಿ ಅಮೆರಿಕದ ದೊಡ್ಡ ತೊಟ್ಟಿಗೆ, 1998ರಲ್ಲಿ ತಾನು ಹುಟ್ಟಿದ ಐಸ್‌ಲ್ಯಾಂಡಿನ ಕಡಲಿಗೆ ಹೋಯಿತು. 2002ರಲ್ಲಿ ಸ್ವತಂತ್ರವಾಗಿ ಈಜಿ ನಾರ್ವೆ ತಲುಪಿ, ಅಲ್ಲಿ ತನ್ನವರನ್ನು ಹುಡುಕುವ ಬದಲು ಮನುಷ್ಯರನ್ನೇ ಹುಡುಕಿಕೊಂಡು ದಡಕ್ಕೆ ಬಂತು. ಮರುವರ್ಷ ಸತ್ತಿತು.

ನನ್ನ ಹುಡುಗಿ ಕೇಳಿದ ಪ್ರಶ್ನೆಯನ್ನೇ ಆ ಮಕ್ಕಳೂ ಕೇಳಿದ್ದರು. ಕೈಕೋ ಕಡಲಿಗೆ ಹೋದದ್ದು ಹಾಗೆ. ಇಪ್ಪತ್ತು ವರ್ಷದ ಸೆರೆಯ ಮೇಲೆ ಅದಕ್ಕೆ ದಾರಿ ಮರೆತುಹೋಗಿತ್ತು ಎಂಬುದೂ ನಿಜ. ಮಕ್ಕಳಿಂದ ಎರಡನ್ನೂ ಮುಚ್ಚಿಡಬಾರದು. ಒಂದು ರಾತ್ರಿ ಊಟ ಸೇರದಿದ್ದರೆ ಮಗುವಿಗೆ ಏನೂ ಆಗುವುದಿಲ್ಲ ತಾಯಿ. ಬೇರೆ ಜೀವದ ನೋವು ತನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಅದು. ನೀವು ಬೆಳೆಸಿದ ಮಗ ಒಳ್ಳೆಯವನು.

ಸಿನ��ಮಾ ತೋರಿಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಇಂದು ಪ್ರಾಣಿಯನ್ನು ಕಟ್ಟಿಹಾಕಿ ಸಿನಿಮಾ ಮಾಡುವ ಅಗತ್ಯವೇ ಇಲ್ಲ. ಸಾಬುವಿನ ಕಾಲದಲ್ಲಿ ಜೀವಂತ ಪ್ರಾಣಿಗಳಿಂದ ಮಾಡಿದ ‘ಜಂಗಲ್ ಬುಕ್’ ಅನ್ನು 2016ರಲ್ಲಿ ಒಂದೂ ನಿಜವಾದ ಹುಲಿ ಕರಡಿ ಇಲ್ಲದೆ ಕಂಪ್ಯೂಟರಿನಲ್ಲೇ ಮಾಡಿದರು. ನಮ್ಮವರೇ ಆದ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಮಾಡಿದ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಚಿತ್ರಮಂದಿರಗಳಿಗೆ ಬಂತು. ಪುನೀತ್ ರಾಜ್‌ಕುಮಾರ್ ಅವರ ಕೊನೆಯ ‘ಗಂಧದ ಗುಡಿ’ 2022ರಲ್ಲಿ ಬಂತು. ಅಪ್ಪ ರಾಜ್‌ಕುಮಾರ್ 1973ರ ‘ಗಂಧದ ಗುಡಿ’ಯಲ್ಲಿ ಅರಣ್ಯಾಧಿಕಾರಿಯಾಗಿ ಕಾಡನ್ನು ಕಾಯಿರಿ ಎಂದಿದ್ದರು. ಮಗ ಕಾಡಿಗೇ ಹೋಗಿ, ಇದ್ದದ್ದನ್ನು ಇದ್ದ ಹಾಗೆ ನೋಡಿ ಬಂದರು. ಮಕ್ಕಳಿಗೆ ಇವನ್ನು ತೋರಿಸಿ. ಹಳೆಯದನ್ನು ತೋರಿಸಿದರೂ ಪಕ್ಕದಲ್ಲಿ ಕೂತು ಮೂರು ಪ್ರಶ್ನೆ ಕೇಳಿಸಿ: ಈ ಪ್ರಾಣಿಯನ್ನು ಯಾರು ಹಿಡಿದರು? ಇದಕ್ಕೆ ಈ ಆಟ ಹೇಗೆ ಕಲಿಸಿದರು? ಕ್ಯಾಮೆರಾ ನಿಂತ ಮೇಲೆ ಇದು ಎಲ್ಲಿ ಮಲಗಿತು? ಬನ್ನೇರುಘಟ್ಟಕ್ಕೆ ಪ್ರವಾಸ ಹೋದಾಗಲೂ ಇದೇ ಪ್ರಶ್ನೆಗಳು ನಡೆಯುತ್ತವೆ.

ಈ ವರ್ಷ ನಾನು ಶಾಲೆಯಲ್ಲಿ ‘ವೈಲ್ಡ್ ಕರ್ನಾಟಕ’ ತೋರಿಸಿದೆ. ಆನೆಗಳು ತೆರೆಗೆ ಬಂದಾಗ, ಬೇಸಿಗೆಯಲ್ಲಿ ಕಬಿನಿಯ ಹಿನ್ನೀರಿಗೆ ನೂರಾರು ಆನೆಗಳು ಬಂದು ಸೇರುತ್ತವೆ, ಕಾಕನಕೋಟೆಯ ಹಳೆಯ ಖೆಡ್ಡಾದ ಜಾಗ ಇಂದು ಆ ನೀರಿನಡಿಯಲ್ಲಿದೆ ಎಂದು ಮಕ್ಕಳಿಗೆ ಹೇಳಿದೆ. ಈಗ ಆರನೇ ತರಗತಿಯಲ್ಲಿರುವ ಆ ಹುಡುಗಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಆನೆಗಳು ಯಾರಿಗೂ ನಮಸ್ಕಾರ ಮಾಡಲಿಲ್ಲ, ನಮ್ಮತ್ತ ತಿರುಗಿಯೂ ನೋಡಲಿಲ್ಲ.

“ಇವಕ್ಕೆ ದಾರಿ ಗೊತ್ತಲ್ವಾ ಮಿಸ್?” ಎಂದಳು.

“ಗೊತ್ತು ಕಣೆ” ಎಂದೆ. ಈ ಸಲ ಸುಳ್ಳು ಹೇಳಬೇಕಾಗಲಿಲ್ಲ.